ಬೋಸ್ಟನ್ ಗುಡ್ಡದ ಮೇಲೆ ಎರಡು ಜೋಡಿ ಮನೆ

ಬೋಸ್ಟನ್ನಿಗೆ ಹೋಗಿದ್ದು ತಂಗಿ ಮನೆಗೆ, ಹಳೇ ಮನೆ ನೋಡೋಕಲ್ಲ. ವೀಸಾ, ಟಿಕೆಟ್ಟು, ದೋಹಾ ಏರ್‌ಪೋರ್ಟಲ್ಲಿ ಎಂಟು ಗಂಟೆ ಕುರ್ಚಿ ಮೇಲೆ ತೂಕಡಿಸಿದ್ದು, ಅದೆಲ್ಲ ಎಲ್ಲರಿಗೂ ಆಗೋದೇ, ಬಿಡಿ. ತಂಗಿ ಇರೋದು ಊರಿಗೆ ದಕ್ಷಿಣಕ್ಕೆ ಕ್ವಿನ್ಸಿ ಅನ್ನೋ ಕಡೆ, ಅಲ್ಲಿನವರ ಬಾಯಲ್ಲಿ ಅದು ಕ್ವಿನ್ಝಿ, ನಾನು ಒಂದು ತಿಂಗಳು ಕ್ವಿನ್ಸಿ ಅಂತಲೇ ಅಂದ್ಕೊಂಡು ತಿರುಗಿದೆ. ಅಲ್ಲಿಂದ ರೆಡ್ ಲೈನ್ ಟ್ರೈನ್ ಹತ್ತಿದ್ರೆ ಅರ್ಧ ಗಂಟೆ ಆಸುಪಾಸಲ್ಲಿ ಪಾರ್ಕ್ ಸ್ಟ್ರೀಟ್ ಸ್ಟೇಷನ್ನು, ಮೆಟ್ಟಿಲು ಹತ್ತಿ ಮೇಲೆ ಬಂದ್ರೆ ಊರಿನ ಹೊಟ್ಟೆ ಮಧ್ಯದಲ್ಲಿ ನಿಂತಿರ್ತೀವಿ.

ಮನೆ ವಿಷಯ ಬಂದಿದ್ದು ಹೀಗೆ. ನಾವಿಬ್ರೂ ಬೆಳೆದಿದ್ದು ಮೈಸೂರಿನ ಒಂದು ಜೋಡಿ ಮನೇಲಿ. ಒಂದೇ ಹೆಂಚಿನ ಮಾಡು, ನಡುವೆ ಒಂದು ಗೋಡೆ, ಈ ಕಡೆ ನಾವು, ಆ ಕಡೆ ಟೈಲರ್ ಒಬ್ಬರ ಸಂಸಾರ. ದೀಪಾವಳಿ ಬಂತಂದ್ರೆ ಅವರ ಮಿಷನ್ ಸದ್ದು ರಾತ್ರಿ ಹನ್ನೆರಡರ ತನಕ ಗೋಡೇಲೇ ಕೇಳ್ತಿತ್ತು, ನಮ್ಮಪ್ಪ ಸ್ವಲ್ಪ ಜಾಸ್ತಿ ಕೆಮ್ಮಿದ್ರೆ ಆ ಕಡೆಯಿಂದ 'ಮೇಷ್ಟ್ರೇ, ಕಷಾಯ ಮಾಡಿಸ್ಕೊಂಡು ಕುಡೀರಿ' ಅಂತ ಕೂಗು. ಆ ಮನೆ ಈಗಿಲ್ಲ, ಅಪಾರ್ಟ್‌ಮೆಂಟ್ ಆಗಿದೆ. ಹೋದ ಮೂರನೇ ದಿನ ಊಟ ಮಾಡ್ತಾ ಅದೇ ಮಾತು ಬಂದಾಗ ತಂಗಿ ಹೇಳಿದ್ಲು, 'ಅಕ್ಕ, ಇಲ್ಲೂ ಅಂಥದ್ದೊಂದಿದೆ, ಇನ್ನೂರು ವರ್ಷಕ್ಕಿಂತ ಹಳೇದು, ನನ್ನ ಮಗನ ಸ್ಕೂಲಿಂದ ಬಂದಿದ್ದ ಕಾಗದದಲ್ಲಿ ನೋಡಿದೀನಿ.' ಸೆಪ್ಟೆಂಬರ್ ಕೊನೆ, ಬಿಸಿಲು ಚೆನ್ನಾಗಿತ್ತು, ಶನಿವಾರ ಹೊರಟೇ ಬಿಟ್ವಿ.

ಮೊದಲನೇ ದಿನ, ಶನಿವಾರ

ಡಬ್ಬೀಲಿ ಚಿತ್ರಾನ್ನ, ಒಂದು ಬಾಟಲ್ ಮಜ್ಜಿಗೆ. ಟ್ರೈನಿಗೆ ಟಿಕೆಟ್ ಕೊಳ್ಳೋ ತಾಪತ್ರಯ ಇಲ್ಲ, ಬ್ಯಾಂಕ್ ಕಾರ್ಡನ್ನೇ ಗೇಟಿಗೆ ಮುಟ್ಟಿಸಿದ್ರೆ ಸಾಕು, ನಮ್ಮ ಊರಿಂದ ತಂದ ಕಾರ್ಡೂ ನಡೀತು. ಬೋಸ್ಟನ್ ಕಾಮನ್ ಅನ್ನೋದು 1634ರಿಂದ ಇರೋ ಮೈದಾನ, ಮೊದಲು ಊರ ದನ ಮೇಯ್ತಿದ್ದ ಗೋಮಾಳ, ಈಗ ಪಾರ್ಕು. ಅಲ್ಲಿ ಫ್ರಾಗ್ ಪಾಂಡ್ ಅಂತ ಒಂದು ಕೊಳ ಇದೆ, ಆಳ ಇಲ್ಲ, ಬೇಸಿಗೇಲಿ ಮಕ್ಕಳು ನೀರಾಟ ಆಡ್ತಾರೆ, ಚಳಿಗಾಲದಲ್ಲಿ ಐಸ್ ಮೇಲೆ ಜಾರ್ತಾರೆ. ಅದರ ಪಕ್ಕದ ಬೆಂಚಲ್ಲಿ ಕೂತು ಚಿತ್ರಾನ್ನ ತಿಂದ್ವಿ. ಅಳಿಲುಗಳು ನಮ್ಮ ಕಡೆಯವಂಥ ಮೂರು ನಾಮದ ಪುಟ್ಟ ಅಳಿಲಲ್ಲ, ಬೆಕ್ಕಿನ ಮರಿ ಗಾತ್ರ, ಕಡ್ಲೆಬೀಜದ ವಾಸನೆಗೆ ನೇರ ತೊಡೆ ಮೇಲೇ ಹತ್ತೋಕೆ ಬಂದ್ವು, ತಂಗಿ ಮಗ ಕಿರುಚಿದ್ದಕ್ಕೆ ಅರ್ಧ ಡಬ್ಬಿ ಹುಲ್ಲಿನ ಮೇಲೆ ಚೆಲ್ತು.

ಮೈದಾನದ ಮೇಲಿನ ಅಂಚಲ್ಲಿ ಸ್ಟೇಟ್ ಹೌಸ್, ಅಂದ್ರೆ ಈ ರಾಜ್ಯದ ವಿಧಾನಸೌಧ, ಬಂಗಾರದ ಗುಮ್ಮಟ. ಅದರ ಎದುರಿಗೆ ರಸ್ತೆ ಈಚೆ ಕಂಚಿನ ದೊಡ್ಡ ಉಬ್ಬುಶಿಲ್ಪ, ಸಿವಿಲ್ ವಾರ್‌ನಲ್ಲಿ, ಅಂದ್ರೆ ಅಮೆರಿಕದ ಅಂತರ್ಯುದ್ಧದಲ್ಲಿ, ಹೋರಾಡಿದ ಕಪ್ಪು ಸೈನಿಕರ 54ನೇ ಮ್ಯಾಸಚೂಸೆಟ್ಸ್ ರೆಜಿಮೆಂಟ್, ಕುದುರೆ ಮೇಲೆ ಅವರ ಬಿಳಿ ಕರ್ನಲ್ ರಾಬರ್ಟ್ ಗೌಲ್ಡ್ ಶಾ. ಸೇಂಟ್ ಗಾಡನ್ಸ್ ಅನ್ನೋ ಶಿಲ್ಪಿ ಇದನ್ನ ಮಾಡೋಕೆ ಹದಿನಾಲ್ಕು ವರ್ಷ ತಗೊಂಡ, 1897ರಲ್ಲಿ ಅನಾವರಣ ಆಯ್ತು. ಸೈನಿಕರ ಮುಖ ಒಂದರ ಹಾಗೆ ಒಂದಿಲ್ಲ, ನಿಂತು ಒಂದೊಂದಾಗಿ ನೋಡ್ಬೇಕು. ಬ್ಲ್ಯಾಕ್ ಹೆರಿಟೇಜ್ ಟ್ರೇಲ್ ಅಂತ ಒಂದೂವರೆ ಮೈಲಿ ಚಿಲ್ಲರೆಯ ನಡಿಗೆ ದಾರಿ ಶುರುವಾಗೋದು ಇಲ್ಲಿಂದಲೇ. ಪಕ್ಕದಲ್ಲೇ ಫ್ರೀಡಂ ಟ್ರೇಲ್‌ನ ಕೆಂಪು ಗೆರೆ ಹಿಡ್ಕೊಂಡು ಮೂರು ಮೂಲೆ ಟೋಪಿ ಹಾಕಿದ ಗೈಡ್‌ಗಳ ಹಿಂದೆ ನೂರಾರು ಜನ ಹೋಗ್ತಿದ್ರು, ನಮ್ಮ ದಾರಿಗೆ ನಾವು ಮೂರು ಜನ.

ಬೀಕನ್ ಹಿಲ್ ಅನ್ನೋ ಗುಡ್ಡಕ್ಕೆ ಜಾಯ್ ಸ್ಟ್ರೀಟ್ ಹತ್ತಿದ್ವಿ. ಏರು ಅಂದ್ರೆ ಏರು, ಚಾಮುಂಡಿ ಬೆಟ್ಟದ ಮೆಟ್ಟಿಲನ್ನ ಇಸ್ತ್ರಿ ಮಾಡಿ ಮಲಗಿಸಿದ ಹಾಗೆ. ಫುಟ್‌ಪಾತ್ ಪೂರ್ತಿ ಇಟ್ಟಿಗೆ, ಮರದ ಬೇರು ಎತ್ತಿ ಎತ್ತಿ ಅಲೆ ಅಲೆ ಆಗಿದೆ, ನಾನು ಮೈಸೂರಿಂದ ತಂದ ಚಪ್ಪಲಿ ಹಾಕ್ಕೊಂಡು ಹೋಗಿದ್ದೆ, ಒಂದು ಇಟ್ಟಿಗೆ ಸಂದಿಗೆ ಸಿಕ್ಕಿ ಉಂಗುಷ್ಟ ಕಿತ್ತು ಕೈಗೆ ಬಂತು. ಸೇಫ್ಟಿ ಪಿನ್ ಚುಚ್ಚಿ ಕಾಲೆಳ್ಕೊಂಡು ನಡೆದೆ, ಹೋಗೋರು ದಯವಿಟ್ಟು ಶೂ ಹಾಕ್ಕೊಳಿ. ಈ ಇಟ್ಟಿಗೆಗೂ ಒಂದು ಕಥೆ ಇದೆ, 1947ರಲ್ಲಿ ನಗರಸಭೆಯವರು ಇದನ್ನೆಲ್ಲ ಕಿತ್ತು ಸಿಮೆಂಟ್ ಹಾಕ್ತೀವಿ ಅಂದಾಗ ವೆಸ್ಟ್ ಸೀಡರ್ ಸ್ಟ್ರೀಟಿನ ಹೆಂಗಸರು ಬಂದು ಇಟ್ಟಿಗೆ ಮೇಲೇ ಕೂತ್ಬಿಟ್ರಂತೆ. ಕೂತಿದ್ದಕ್ಕೆ ಇಟ್ಟಿಗೆ ಉಳೀತು, ಎಂಬತ್ತು ವರ್ಷ ಆಗ್ತಾ ಬಂದ ಮೇಲೆ ನನ್ನ ಚಪ್ಪಲಿ ಹೋಯ್ತು.

ಪಿಂಕ್ನಿ ಸ್ಟ್ರೀಟ್ ಶುರುವಾಗೋದೇ ಜಾಯ್ ಸ್ಟ್ರೀಟಿಂದ. ತಿರುಗಿದ ಹತ್ತು ಹೆಜ್ಜೆಗೆ ಮನೆ, ನಂಬರ್ 5, ದಾಖಲೆಗಳಲ್ಲಿ 5-7 ಅಂತಲೂ ಇರತ್ತೆ. ನಾನು ಅದನ್ನ ದಾಟ್ಕೊಂಡು ಮುಂದಕ್ಕೆ ಹೋಗ್ಬಿಟ್ಟಿದ್ದೆ, ತಂಗಿ ಕರೆದ್ಲು. ಅಷ್ಟು ಸಾಧಾರಣ. ಸುತ್ತ ಎಲ್ಲ ಎತ್ತರದ ಇಟ್ಟಿಗೆ ಮನೆ, ಕಬ್ಬಿಣದ ಕಟಕಟೆ, ಕಿಟಕಿಗೆ ಹೂವಿನ ಪೆಟ್ಟಿಗೆ, ಮಧ್ಯದಲ್ಲಿ ಇದೊಂದು ಕುಳ್ಳಗಿನ ಮರದ ಮನೆ, ಹಲಗೆಗಳನ್ನ ಒಂದರ ಅಂಚಿನ ಮೇಲೊಂದು ಕೂರಿಸಿ ಮೊಳೆ ಹೊಡೆದಿರೋದು. ಆ ಹೊದಿಕೆಗೆ ಕ್ಲಾಪ್‌ಬೋರ್ಡ್ ಅಂತಾರೆ, ಮಳೆ ನೀರು ಒಂದು ಹಲಗೆಯಿಂದ ಇನ್ನೊಂದಕ್ಕೆ ಜಾರಿ ಕೆಳಗೆ ಹೋಗ್ಬೇಕು, ಒಳಗೆ ಇಳೀಬಾರದು, ನಮ್ಮ ಹೆಂಚಿನ ಲೆಕ್ಕಾಚಾರವನ್ನೇ ಗೋಡೆಗೆ ಹಾಕಿದ ಹಾಗೆ.

ಜಾಗ ಕೊಂಡಿದ್ದು 1786, ಮನೆ ಎದ್ದಿದ್ದು 1787ರ ಹೊತ್ತಿಗೆ. ಬೀಕನ್ ಹಿಲ್ ಮೇಲೆ ಈಗ ಉಳಿದಿರೋ ಮನೆಗಳಲ್ಲಿ ಇದೇ ಅತಿ ಹಳೇದು. ಆ ಬಂಗಾರದ ಗುಮ್ಮಟ ಆಗ ಇರಲೇ ಇಲ್ಲ, ಸ್ಟೇಟ್ ಹೌಸಿಗೆ ಅಡಿಗಲ್ಲು ಬಿದ್ದಿದ್ದೇ 1795ರಲ್ಲಿ. ನಮ್ಮ ಕಡೆ ಲೆಕ್ಕ ಬೇಕಂದ್ರೆ, ಬೆಂಗಳೂರಿನ ಕೋಟೆ ಹತ್ರ ಟಿಪ್ಪುವಿನ ಮರದ ಅರಮನೆ ಇನ್ನೂ ಕಟ್ಟಿ ಮುಗಿದಿರಲಿಲ್ಲ, ಅದು ಮುಗಿದಿದ್ದು 1791ಕ್ಕೆ.

ಕಟ್ಟಿದವರು ಇಬ್ಬರು, ನೆಂಟರಲ್ಲ. ಒಬ್ಬ ಜಾರ್ಜ್ ಮಿಡಲ್ಟನ್, ಕುದುರೆ ಪಳಗಿಸೋನು, ಸಾರೋಟು ಓಡಿಸೋನು, ಪಿಟೀಲು ಬೇರೆ ನುಡಿಸ್ತಿದ್ದ, ಸ್ವಾತಂತ್ರ್ಯ ಯುದ್ಧದಲ್ಲಿ ಬಕ್ಸ್ ಆಫ್ ಅಮೆರಿಕ ಅನ್ನೋ ಕಪ್ಪು ಜನರ ತುಕಡಿಗೆ ಮುಖಂಡ, ಜನ ಅವನನ್ನ ಕರ್ನಲ್ ಅಂತಲೇ ಕರೀತಿದ್ರು. ಇನ್ನೊಬ್ಬ ಲೂಯಿ ಗ್ಲಾಪಿಯನ್, ಕೂದಲು ಕತ್ತರಿಸೋ ಕಸುಬಿನವನು, ಫ್ರೆಂಚ್ ಮಾತಾಡೋ ಮಿಶ್ರ ಮೂಲದವನು, ಕೆರಿಬಿಯನ್‌ನ ಫ್ರೆಂಚ್ ದ್ವೀಪಗಳ ಕಡೆಯವನು, ಕ್ಷೌರದಂಗಡಿ ಇಟ್ಕೊಂಡಿದ್ದು ಮನೆಯ ತನ್ನ ಪಾಲಲ್ಲೇ. ಮ್ಯಾಸಚೂಸೆಟ್ಸ್‌ನಲ್ಲಿ ಗುಲಾಮಗಿರಿಗೆ ಕೋರ್ಟು ಕೊನೆ ಹಾಡಿ ಆಗ ನಾಲ್ಕೇ ವರ್ಷ, 1783ರ ತೀರ್ಪು ಅದು, 1790ರ ಜನಗಣತೀಲಿ ಈ ರಾಜ್ಯದಲ್ಲಿ ಗುಲಾಮರ ಲೆಕ್ಕ ಸೊನ್ನೆ ಅಂತ ಬರೆದಿದಾರೆ. ಅಷ್ಟು ಹೊಸ ಸ್ವಾತಂತ್ರ್ಯದಲ್ಲಿ ಇಬ್ಬರು ದುಡ್ಡು ಸೇರಿಸಿ ಜಾಗ ಕೊಂಡು ಒಂದೇ ಮಾಡಿನ ಕೆಳಗೆ ಎರಡು ಮನೆ ಮಾಡ್ಕೊಂಡಿದಾರೆ. ಜೋಡಿ ಮನೆ ಯಾಕೆ ಅಂತ ನಮ್ಮನ್ನ ಕೇಳಿ, ನಾವು ಹೇಳ್ತೀವಿ. ಒಂದು ಗೋಡೆ ಖರ್ಚು ಉಳಿಯತ್ತೆ, ಚಳಿ ಹೊಡೆಯೋ ಗೋಡೆ ಒಂದು ಕಮ್ಮಿ ಆಗತ್ತೆ, ಆ ಕಡೆ ಒಲೆ ಉರಿದ್ರೆ ಈ ಕಡೆಗೂ ಸ್ವಲ್ಪ ಬಿಸಿ. ಗೋಡೆ ಆಚೆ ಗೊತ್ತಿರೋ ಮನುಷ್ಯ ಇದಾನೆ ಅನ್ನೋ ಧೈರ್ಯಕ್ಕೆ ಬೆಲೆ ಕಟ್ಟೋಕಾಗಲ್ಲ.

ಒಳಗೆ ಬಿಡಲ್ಲ, ಈಗಲೂ ಯಾರೋ ವಾಸ ಇರೋ ಖಾಸಗಿ ಮನೆ. ಹಾಗಾಗಿ ಎದುರು ಫುಟ್‌ಪಾತಲ್ಲಿ ನಿಂತು ನೋಡೋದು, ಬಾಗಿಲ ಮೆಟ್ಟಿಲ ಮೇಲೆ ಕೂತು ಫೋಟೋ ತೆಗೆಸ್ಕೊಳೋ ಕೆಲಸ ಮಾತ್ರ ಮಾಡ್ಬೇಡಿ, ಅದು ಯಾರ ಮನೆಯಾದ್ರೂ ಸರಿ ಅಲ್ಲ. ಹುಡುಗ ಕೇಳಿದ, 'ದೊಡ್ಡಮ್ಮ, ಇಷ್ಟೇನಾ?' ನಾನು ಹೂಂ ಅಂದೆ. ಇಷ್ಟೇ, ಇಷ್ಟನ್ನೇ ನಾನು ಇಪ್ಪತ್ತು ನಿಮಿಷ ನಿಂತು ನೋಡಿದೆ, ಅವನು ಗ್ಯಾಸ್ ದೀಪ ಲೆಕ್ಕ ಹಾಕ್ತಾ ಕೂತ. ಈ ಗುಡ್ಡದಲ್ಲಿ ಬೀದಿ ದೀಪಗಳು ಇನ್ನೂ ಗ್ಯಾಸಿನವೇ, ಹಗಲೂ ರಾತ್ರಿ ಉರೀತಾನೇ ಇರ್ತವೆ.

ಅದೇ ಬೀದೀಲಿ ಕೆಳಗೆ ಇಳಿದ್ರೆ ನಂಬರ್ 24, ಒಂದು ಕಿಟಕಿ ಹಾಗೆ ಇನ್ನೊಂದಿಲ್ಲ, ಹಳೇ ಸಾರೋಟಿನ ಕೊಟ್ಟಿಗೆಯನ್ನ 1884ರಲ್ಲಿ ಮನೆ ಮಾಡಿದ್ದು. ಫೋಟೋ ಹುಚ್ಚಿನವರೆಲ್ಲ ಹೋಗೋದು ಅದರಾಚೆ ಏಕಾರ್ನ್ ಸ್ಟ್ರೀಟಿಗೆ, ಗುಂಡುಕಲ್ಲಿನ ಸಂದಿ, ಅಲ್ಲಿ ಫೋಟೋಗೆ ಕ್ಯೂ ಇತ್ತು, ಕ್ಯೂ! ನಾವು ಒಂದು ಬೇಕರೀಲಿ ಆಪಲ್ ಸೈಡರ್ ಡೋನಟ್ ತಗೊಂಡ್ವಿ, ಚಕ್ಕೆ ಪುಡಿ ಸಕ್ಕರೆ ಉದುರಿಸಿರ್ತಾರೆ, ಕಜ್ಜಾಯದ ದೂರದ ನೆಂಟ ಅನ್ನಬಹುದು. ನಾನು ಮೂರು ತಿಂದೆ.

ಎರಡನೇ ದಿನ, ಭಾನುವಾರ

ಮಳೆ. ಮಲೆನಾಡಿನ ಥರ ಸುರಿಯೋದಲ್ಲ, ಸಮುದ್ರದ ಗಾಳಿ ಜೊತೆ ಅಡ್ಡಡ್ಡ ಹೊಡೆಯೋದು, ಛತ್ರಿ ಮೊದಲನೇ ತಿರುವಿಗೇ ಉಲ್ಟಾ ಆಗಿ ತಾವರೆ ಹೂವಾಯ್ತು. ಆಫ್ರಿಕನ್ ಅಮೆರಿಕನ್ ಹಿಸ್ಟರಿ ಮ್ಯೂಸಿಯಮ್ಮಿಗೆ ಅಂತ ಹೋದ್ವಿ, ಬಾಗಿಲು ಹಾಕಿತ್ತು. ಅವತ್ತು ರಜೆ, ತಪ್ಪು ನಮ್ಮದೇ, ಹೊರಡೋ ಮುಂಚೆ ಎರಡು ನಿಮಿಷ ಫೋನ್ ನೋಡಿದ್ರೆ ಗೊತ್ತಾಗ್ತಿತ್ತು.

ಬಂದಿದ್ದಕ್ಕೆ ಅಂತ ಪಕ್ಕದ ಸ್ಮಿತ್ ಕೋರ್ಟ್ ಅನ್ನೋ ಓಣಿಗೆ ಹೋದ್ವಿ. ಮುಂದೆ ದಾರಿ ಇಲ್ಲದ ಓಣಿ, ಒಂದು ಕಡೆ ಮೀಟಿಂಗ್ ಹೌಸು, ಅಂದ್ರೆ ಕಪ್ಪು ಜನರ ಹಳೇ ಚರ್ಚು, ಎದುರಿಗೆ ಮರದ ಮನೆಗಳು. ಅದರಲ್ಲಿ ನಂಬರ್ 3ರ ಮುಂದೆ ನಿಂತಾಗ ತಂಗಿ ಕಾಗದ ಓದಿ ಹೇಳಿದ್ಲು, 'ಅಕ್ಕ, ಇದೂ ಜೋಡಿ ಮನೆಯೇ ಕಣೇ.' 1798ರಿಂದ 1800ರ ಒಳಗೆ ಕಟ್ಟಿದ್ದು. ಕಟ್ಟಿಸ್ಕೊಂಡವರು ಇಬ್ಬರು ಬಿಳಿಯರು, ಇಬ್ಬರೂ ಇಟ್ಟಿಗೆ ಕಟ್ಟೋ ಮೇಸ್ತ್ರಿಗಳು, ತಮ್ಮ ಮನೆ ಮಾತ್ರ ಮರದ ಹಲಗೇದು. ನಮ್ಮಜ್ಜಿ ಇದ್ದಿದ್ರೆ ಅಕ್ಕಸಾಲಿಗನ ಹೆಂಡ್ತಿ ಕೊರಳು ಬರಿದು ಅಂತಿದ್ರು.

ಆಮೇಲೆ ಅದು ಬಾಡಿಗೆಗೆ ಕಪ್ಪು ಸಂಸಾರಗಳ ಕೈಗೆ ಬಂತು. ತುಂಬಾ ವರ್ಷ ಇದ್ದವನು ಜೇಮ್ಸ್ ಸ್ಕಾಟ್, ಬಟ್ಟೆ ವ್ಯಾಪಾರಿ. 1851ರ ಫೆಬ್ರವರೀಲಿ, ದಕ್ಷಿಣದ ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಓಡಿ ಬಂದಿದ್ದ ಶಾಡ್ರಾಕ್ ಮಿಂಕಿನ್ಸ್ ಅನ್ನೋ ಹೋಟೆಲ್ ಮಾಣಿಯನ್ನ ಹಿಡಿದು ಕೋರ್ಟಿಗೆ ತಂದಾಗ ಜನ ನುಗ್ಗಿ ಎತ್ಕೊಂಡು ಹೋಗಿ ಕೆನಡಾಕ್ಕೆ ದಾಟಿಸಿದ್ರು, ಆ ಕೇಸಲ್ಲಿ ಅರೆಸ್ಟ್ ಆದವರಲ್ಲಿ ಈ ಸ್ಕಾಟ್ ಒಬ್ಬ. ಶಿಕ್ಷೆ ಯಾರಿಗೂ ಆಗಲಿಲ್ಲ. ಬಾಡಿಗೆ ಕಟ್ಟಿ ಕಟ್ಟಿ 1865ರಲ್ಲಿ, ಅಂದ್ರೆ ಸಿವಿಲ್ ವಾರ್ ಮುಗಿದ ವರ್ಷ, ಮನೆಯನ್ನ ತಾನೇ ಕೊಂಡ್ಕೊಂಡ. ಅದೇ ಸ್ಕಾಟ್ ಜೊತೆ 1850ರ ದಶಕದ ಮೊದಲ ಅರ್ಧ ಬೋರ್ಡರ್ ಆಗಿ, ನಮ್ಮ ಮಾತಲ್ಲಿ ಊಟ ಕೋಣೆಗೆ ದುಡ್ಡು ಕೊಟ್ಕೊಂಡು, ಇದ್ದವನು ವಿಲಿಯಂ ಕೂಪರ್ ನೆಲ್, ಕಪ್ಪು ಜನರ ಹಕ್ಕಿಗೆ ಹೋರಾಡಿದ ಬರಹಗಾರ. ಮನೆ ಈಗ ಅವನ ಹೆಸರಲ್ಲೇ ಇದೆ. ಮಾಲೀಕನ ಹೆಸರೂ ಅಲ್ಲ ಕಟ್ಟಿದವರ ಹೆಸರೂ ಅಲ್ಲ, ಬಾಡಿಗೆ ಕೋಣೆಯವನ ಹೆಸರು.

ನಾವು ನೆನ್ಕೊಂಡು ಕಾಗದ ಓದ್ತಿರೋದನ್ನ ನೋಡಿ ಓಣಿಯಿಂದ ಒಬ್ಬ ವಯಸ್ಸಾದ ಹೆಂಗಸು ಕಸದ ಡಬ್ಬ ಎಳ್ಕೊಂಡು ಬಂದ್ರು, ದಾರಿ ತಪ್ಪಿದೀರಾ ಅಂದ್ರು. ಇಲ್ಲ, ಮನೆ ನೋಡೋಕೆ ಬಂದಿದೀವಿ ಅಂದ್ವಿ. ಈ ಮಳೇಲಾ ಅಂತ ನಕ್ಕು, ಬಿಸಿಲಲ್ಲಿ ಬಂದೋರು ಹಲಗೆ ನೋಡಲ್ಲ, ಮಳೇಲಿ ನೋಡ್ಬೇಕು ಅಂತ ಬೆರಳು ತೋರಿಸಿದ್ರು. ನಿಜ, ನೀರು ಒಂದೊಂದೇ ಹಲಗೆ ಅಂಚಿಂದ ಇಳಿದು ಇಳಿದು ಪಾಯದ ಕಲ್ಲಿನಾಚೆಗೆ ಬೀಳ್ತಿತ್ತು. ಅವರ ಬೀದಿ ಪಾರ್ಕಿಂಗ್ ಗೋಳು, ಇಲಿ ಗೋಳು, ಕಿಟಕಿ ಬಣ್ಣ ಬದಲಾಯಿಸೋಕೂ ಹೆರಿಟೇಜ್ ಕಮಿಷನ್ನಿಗೆ ಅರ್ಜಿ ಹಾಕ್ಬೇಕಾದ ಗೋಳು, ಎಲ್ಲ ಹತ್ತು ನಿಮಿಷದಲ್ಲಿ ಹೇಳಿದ್ರು. ಹೋಗ್ತಾ ಒಂದು ಹಳೇ ಛತ್ರಿ ತಂದು ಕೊಟ್ರು, ವಾಪಸ್ ಬೇಡ ಅಂದ್ರು. ಕೆಂಪು ಚೌಕಳಿ ಛತ್ರಿ, ಈಗ ಮೈಸೂರಲ್ಲಿದೆ.

ಮೂರನೇ ದಿನ, ಮಂಗಳವಾರ

ತಂಗಿಗೆ ಆಫೀಸು, ಹುಡುಗನಿಗೆ ಸ್ಕೂಲು, ನಾನು ಒಬ್ಬಳೇ. ಈ ಸಲ ತಂಗಿ ಶೂ ಹಾಕ್ಕೊಂಡು.

ಮ್ಯೂಸಿಯಂ ಇರೋದು ಅಕ್ಕಪಕ್ಕದ ಎರಡು ಕಟ್ಟಡದಲ್ಲಿ. ಮೊದಲನೇದು ಆಫ್ರಿಕನ್ ಮೀಟಿಂಗ್ ಹೌಸ್, 1806ರ ಇಟ್ಟಿಗೆ ಕಟ್ಟಡ, ಕಪ್ಪು ಜನರ ಚರ್ಚುಗಳ ಪೈಕಿ ಈ ದೇಶದಲ್ಲಿ ನಿಂತಿರೋದರಲ್ಲಿ ಇದೇ ಹಳೇದು. ಕಟ್ಟಿದ ಕೈಗಳೂ ಹೆಚ್ಚುಕಮ್ಮಿ ಎಲ್ಲ ಅವರದೇ. ಕೇಟೋ ಗಾರ್ಡ್‌ನರ್ ಅನ್ನೋ ಆಫ್ರಿಕಾದಲ್ಲೇ ಹುಟ್ಟಿದ ಮನುಷ್ಯ 1,500 ಡಾಲರ್ ಚಂದಾ ಎತ್ತಿದ, ಒಟ್ಟು ಖರ್ಚು 7,700, ಬಾಗಿಲ ಮೇಲೆ ಅವನ ಹೆಸರು ಕೆತ್ತಿದಾರೆ. ಆದ್ರೆ ಆ ಡಿಸೆಂಬರಿನ ಉದ್ಘಾಟನೆ ದಿನ ಕೆಳಗಿನ ಬೆಂಚುಗಳು ಹಿತೈಷಿಗಳಿಗೆ ಅಂತ ಮೀಸಲು, ಕಟ್ಟಿದವರು ಮೇಲಿನ ಗ್ಯಾಲರೀಲಿ ಕೂತ್ರು. ಗೈಡ್ ಅದನ್ನ ತಣ್ಣಗೆ ಹೇಳಿದ್ಲು, ನಾನೂ ತಣ್ಣಗೆ ಕೇಳಿಸ್ಕೊಂಡೆ, ನಮ್ಮ ಊರ ಕಡೆ ದೇವಸ್ಥಾನದ ಕಲ್ಲು ಹೊತ್ತವರು ಎಲ್ಲಿ ನಿಲ್ತಿದ್ರು ಅಂತ ಗೊತ್ತಿರೋರಿಗೆ ಇದರಲ್ಲಿ ಆಶ್ಚರ್ಯ ಪಡೋ ಹಕ್ಕಿಲ್ಲ.

ಇದೇ ಕಟ್ಟಡದ ನೆಲಮಾಳಿಗೇಲಿ 1832ರ ಜನವರಿ 6ರ ರಾತ್ರಿ ಗ್ಯಾರಿಸನ್ ಅನ್ನೋ ಪತ್ರಿಕೆ ಸಂಪಾದಕ ಮತ್ತೆ ಹನ್ನೊಂದು ಜನ ಸೇರಿ ಗುಲಾಮಗಿರಿ ವಿರೋಧಿ ಸಂಘ ಕಟ್ಟಿದ್ರು. ಹತ್ತೊಂಬತ್ತನೇ ಶತಮಾನದ ಕೊನೇಲಿ ಇಲ್ಲಿನ ಜನ ಸೌತ್ ಎಂಡ್ ಕಡೆ ಹೋದ ಮೇಲೆ ಇದು ಯಹೂದಿಗಳ ಸಿನಗಾಗ್ ಆಯ್ತು, 1972ರಲ್ಲಿ ಮ್ಯೂಸಿಯಮ್ಮಿನವರು ಕೊಂಡ್ರು, ಈಗ 1855ರಲ್ಲಿ ಹೇಗಿತ್ತೋ ಹಾಗೆ ಸರಿ ಮಾಡಿದಾರೆ. ಬೆಂಚಲ್ಲಿ ಕೂರೋಕೆ ಬಿಡ್ತಾರೆ, ಬೆನ್ನಿಗೆ ನೆಟ್ಟಗಿದೆ, ನಿದ್ದೆ ಬರಲ್ಲ.

ಪಕ್ಕದ್ದು ಏಬಿಯಲ್ ಸ್ಮಿತ್ ಸ್ಕೂಲು, 1835ರದ್ದು, ಕಪ್ಪು ಮಕ್ಕಳಿಗೆ ಅಂತ ಬೇರೆ ಮಾಡಿದ ಶಾಲೆ. ನೆಲ್ ಕಥೆ ನನಗೆ ಪೂರ್ತಿ ಸಿಕ್ಕಿದ್ದು ಇಲ್ಲೇ. ಈ ಶಾಲೆ ಕಟ್ಟೋ ಮುಂಚೆ, 1829ರಲ್ಲಿ ಅವನು ಮೀಟಿಂಗ್ ಹೌಸ್ ನೆಲಮಾಳಿಗೆ ಶಾಲೆಯ ಹುಡುಗ, ಹನ್ನೆರಡು ವರ್ಷ. ಮೇಯರ್ ಹ್ಯಾರಿಸನ್ ಗ್ರೇ ಓಟಿಸ್ ಮತ್ತಿತರರು ಬಂದು ಪರೀಕ್ಷೆ ಮಾಡಿದ್ರು, ಇವನೂ ಇನ್ನಿಬ್ಬರೂ ಮೊದಲು ಬಂದ್ರು. ಬಿಳಿ ಹುಡುಗರಾಗಿದ್ರೆ ಫ್ರಾಂಕ್ಲಿನ್ ಹೆಸರಿನ ಪದಕ, ಫ್ಯಾನ್ಯುಯಲ್ ಹಾಲ್‌ನಲ್ಲಿ ದೊಡ್ಡ ಊಟ. ಇವರಿಗೆ ಅಂಗಡಿಗೆ ಹೋಗಿ ಫ್ರಾಂಕ್ಲಿನ್ ಜೀವನ ಚರಿತ್ರೆ ತಗೊಳ್ಳಿ ಅಂತ ಒಂದು ಚೀಟಿ. ಹುಡುಗ ಏನ್ಮಾಡಿದ ಅಂದ್ರೆ ಬಡಿಸೋ ಒಬ್ಬನ್ನ ಹಿಡಿದು, ತಾನೂ ಬಡಿಸೋಕೆ ಬರ್ತೀನಿ ಅಂತ ಒಳಗೆ ಹೋದ. ಪರೀಕ್ಷೆ ಮಾಡಿದವರಲ್ಲೇ ಒಬ್ಬರು ಗುರುತು ಹಿಡಿದು, ನೀನೂ ಆ ಹುಡುಗರ ಜೊತೆ ಕೂರಬೇಕಿತ್ತು ಅಂತ ಕಿವೀಲಿ ಪಿಸುಗುಟ್ಟಿದ್ರಂತೆ. ಕಿವೀಲಿ! ಪಂಕ್ತಿಭೇದ ಅನ್ನೋ ಪದ ನಮ್ಮ ಭಾಷೇಲಿ ಇದೆ, ಅದರ ಅರ್ಥ ಯಾರಿಗಾದ್ರೂ ವಿವರಿಸ್ಬೇಕಾದ್ರೆ ನಾನು ಇನ್ಮೇಲೆ ಇದೇ ಊಟದ ಕಥೆ ಹೇಳ್ತೀನಿ.

ಆ ಸಿಟ್ಟನ್ನ ಅವನು ಇಪ್ಪತ್ತಾರು ವರ್ಷ ಕಾಪಾಡ್ಕೊಂಡ. ಅರ್ಜಿ, ಸಹಿ ಸಂಗ್ರಹ, ಶಾಲೆ ಬಹಿಷ್ಕಾರ. ಮಧ್ಯದಲ್ಲಿ ಸಾರಾ ರಾಬರ್ಟ್ಸ್ ಅನ್ನೋ ಐದು ವರ್ಷದ ಹುಡುಗಿ, ಬಿಳಿ ಮಕ್ಕಳ ಐದು ಶಾಲೆ ದಾಟ್ಕೊಂಡು ಈ ಶಾಲೆಗೆ ಬರ್ಬೇಕಿತ್ತು, ಅವಳ ಅಪ್ಪ ಕೋರ್ಟಿಗೆ ಹೋದ, 1850ರಲ್ಲಿ ಕೋರ್ಟು ಬೇರೆ ಶಾಲೆ ಸರಿನೇ ಅಂತು. ಆದ್ರೆ 1855ರಲ್ಲಿ ರಾಜ್ಯ ಸರ್ಕಾರ ಕಾನೂನು ಮಾಡಿ ಬೇರೆ ಕೂರಿಸೋದನ್ನ ನಿಲ್ಲಿಸ್ತು, ಈ ಶಾಲೆ ಮುಚ್ತು. ಆ ವರ್ಷ ಅವನಿಗೆ ಊರಿನವರು ಸಭೆ ಮಾಡಿ ಬಂಗಾರದ ಗಡಿಯಾರ ಕೊಟ್ರು.

ಆಮೇಲೆ ಗೊತ್ತಾಗಿದ್ದು ನನ್ನ ಮಟ್ಟಿಗೆ ಇಡೀ ಪ್ರವಾಸದ ತಿರುಳು. ಅದೇ 1855ರಲ್ಲಿ, ಸ್ಮಿತ್ ಕೋರ್ಟಿನ ಆ ಜೋಡಿ ಮನೆಯಲ್ಲಿದ್ದ ಕಾಲದಲ್ಲೇ, ನೆಲ್ ಒಂದು ದಪ್ಪ ಪುಸ್ತಕ ತಂದ, ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ ಕಪ್ಪು ಜನರ ಇತಿಹಾಸ. ಅದರಲ್ಲಿ ಪಿಂಕ್ನಿ ಸ್ಟ್ರೀಟಿನ ಕರ್ನಲ್ ಮಿಡಲ್ಟನ್ ಇದಾನೆ! ಯುದ್ಧ ಮುಗಿದ ಮೇಲೆ ಗವರ್ನರ್ ಜಾನ್ ಹ್ಯಾನ್‌ಕಾಕ್ ತನ್ನ ಬಂಗಲೆ ಮುಂದೆ ತುಕಡಿಯನ್ನ ನಿಲ್ಲಿಸಿ ರೇಷ್ಮೆ ಬಾವುಟ ಕೊಟ್ಟಿದ್ದು ನಮಗೆ ಗೊತ್ತಾಗಿದ್ದೇ ನೆಲ್ ಬರೆದಿದ್ದರಿಂದ, ನೆಗೆಯೋ ಜಿಂಕೆ ಇರೋ ಆ ಬಾವುಟ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟೀಲಿ ಈಗಲೂ ಇದೆ. ಹ್ಯಾನ್‌ಕಾಕ್‌ನ ಕಲ್ಲಿನ ಬಂಗಲೆಯನ್ನ 1863ರಲ್ಲಿ ಕೆಡವಿದ್ರು. ಬಾವುಟ ತಗೊಂಡವನ ಹಲಗೆ ಮನೆ ನಿಂತಿದೆ.

ಮಿಡಲ್ಟನ್ ಎದುರು ಮನೇಲಿ ಐದು ವರ್ಷ ಇದ್ದವರ ನೆನಪೂ ನೆಲ್ ಪುಸ್ತಕದಲ್ಲಿದೆ, ಹೊಗಳಿಕೆ ಏನಿಲ್ಲ, ಮುಂಗೋಪಿ, ಕುಡೀತಿದ್ದ, ಬಾಯಿ ಕೆಟ್ಟದು, ಆದ್ರೂ ತನ್ನವರಲ್ಲಿ ಭಾರೀ ಮರ್ಯಾದೆ, ಮನೆ ತುಂಬ ಜನ. ಗುಲಾಮ ವ್ಯಾಪಾರ ನಿಂತಿದ್ದರ ನೆನಪಿಗೆ ಕಪ್ಪು ಜನ ಪ್ರತಿ ವರ್ಷ ಮೆರವಣಿಗೆ ಮಾಡ್ತಿದ್ರು, ಒಂದ್ಸಲ ಬಿಳಿ ಹುಡುಗರು ದೊಣ್ಣೆ ಹಿಡಿದು ಜಾಯ್ ಸ್ಟ್ರೀಟಿಗೇ ಅಟ್ಟಿಸ್ಕೊಂಡು ಬಂದಾಗ, ಮುದುಕ ಮಿಡಲ್ಟನ್ ಬಾಗಿಲು ತೆಗೆದು ತುಂಬಿದ ಬಂದೂಕು ಹಿಡಿದು ನಿಂತ, ಮುಂದೆ ಬಂದ ಮೊದಲನೇ ಬಿಳಿಯನ್ನ ಸುಡ್ತೀನಿ ಅಂದ. ದಿನಾ ಹ್ಯಾಟ್ ಎತ್ತಿ 'ನಮಸ್ಕಾರ ಕರ್ನಲ್' ಅಂತಿದ್ದ ಎದುರು ಮನೆಯ ಬಿಳಿ ಯಜಮಾನ, ಹೋಗ್ಬೇಡಿ ಅಂತ ಎಲ್ಲ ಕಿರುಚಿದ್ರೂ ನೇರ ಅವನ ಹತ್ರ ನಡ್ಕೊಂಡು ಹೋಗಿ ಸಮಾಧಾನ ಮಾಡಿದ. ನಾನು ಶನಿವಾರ ಇಪ್ಪತ್ತು ನಿಮಿಷ ನಿಂತಿದ್ದೆನಲ್ಲ, ಅದೇ ಬಾಗಿಲ ಮುಂದೆ. ಗೊತ್ತಿದ್ದಿದ್ರೆ ಇನ್ನೊಂದಿಪ್ಪತ್ತು ನಿಮಿಷ ನಿಲ್ತಿದ್ದೆ.

ಇದನ್ನೇ ಯೋಚಿಸ್ತಾ ಬಂದ ಟ್ರೈನ್ ಹತ್ತಿಬಿಟ್ಟೆ. ರೆಡ್ ಲೈನ್ ಮುಂದೆ ಎರಡು ಕವಲಾಗತ್ತೆ, ಕ್ವಿನ್ಸಿಗೆ ಬ್ರೇನ್‌ಟ್ರೀ ಅಂತ ಬರೆದಿರೋದು ಹತ್ತಬೇಕು, ನಾನು ಹತ್ತಿದ್ದು ಆಶ್‌ಮಾಂಟ್. ಯಾವತ್ತೂ ನೋಡದ ಸ್ಟೇಷನ್ ಬಂದಾಗ ಗಾಬರಿ ಆಗಿ ಪಕ್ಕದವರನ್ನ ಕೇಳಿದೆ. ಆಸ್ಪತ್ರೆ ಕೆಲಸದ ನೀಲಿ ಬಟ್ಟೆಯಲ್ಲಿದ್ದ ಹೆಂಗಸು, ಇಳೀರಿ, ನಾನೂ ಇಳೀತೀನಿ, ಎದುರು ಪ್ಲಾಟ್‌ಫಾರ್ಮ್ ತೋರಿಸ್ತೀನಿ ಅಂದ್ರು. ಟ್ರೈನ್ ಬರೋ ತನಕ ಮಾತು. ಅವರ ಊರು ಹೈಟಿ. ಅಲ್ಲೇ ಎಲ್ಲೋ ಆ ಕಡೆ ದ್ವೀಪದಿಂದ ಬಂದ ಹೇರ್ ಡ್ರೆಸ್ಸರ್ ಒಬ್ಬ ಇನ್ನೂರು ಚಿಲ್ಲರೆ ವರ್ಷದ ಹಿಂದೆ ಇಲ್ಲಿ ಮನೆ ಕಟ್ಟಿದಾನೆ, ಹೆಸರು ಗ್ಲಾಪಿಯನ್ ಅಂದೆ. ಅವರು ನಕ್ಕು, ಗ್ಲಾಪಿಯನ್ ಅಲ್ಲ, ಮೂಗಲ್ಲಿ ಹೇಳಿ, ಗ್ಲಾಪಿಯೋಂ. ಪ್ಲಾಟ್‌ಫಾರ್ಮಲ್ಲಿ ನಿಂತು ಇಬ್ಬರೂ ನಾಲ್ಕು ಸಲ ಹೇಳಿದ್ವಿ, ನನಗೆ ಮೂರನೇ ಸಲಕ್ಕೆ ಬಂತು. ಜೆಎಫ್‌ಕೆ ಸ್ಟೇಷನ್ನಿಗೆ ವಾಪಸ್ ಹೋಗಿ ಅಲ್ಲಿ ಗಾಡಿ ಬದಲಾಯಿಸ್ಬೇಕು, ಅದೊಂದು ನೆನಪಿಟ್ಕೊಳಿ.

ನಾಲ್ಕನೇ ದಿನ, ಗುರುವಾರ

ಬೆಳಿಗ್ಗೆ ಎಂಟಕ್ಕೇ ಹೋದೆ. ಮೊದಲು ಗುಡ್ಡದ ಬುಡದಲ್ಲಿ ಕೇಂಬ್ರಿಜ್ ಸ್ಟ್ರೀಟ್, ಪದಕ ಕೊಡದ ಆ ಮೇಯರ್ ಓಟಿಸ್‌ನ ಮನೆ, 1796ರದ್ದು, ಬುಲ್‌ಫಿಂಚ್ ಅನ್ನೋ ವಾಸ್ತುಶಿಲ್ಪಿಯ ವಿನ್ಯಾಸ, ಮೂರಂತಸ್ತು, ಅಳೆದು ಕೂರಿಸಿದ ಹಾಗೆ ಸಾಲು ಕಿಟಕಿ. ಹೊರಗಿಂದ ನೋಡಿದೆ ಅಷ್ಟೇ. ರಸ್ತೆ ಅಗಲ ಮಾಡುವಾಗ, 1925ರಲ್ಲಿ, ಈ ಇಡೀ ಇಟ್ಟಿಗೆ ಮನೆಯನ್ನ ನಲವತ್ತು ಅಡಿ ಹಿಂದಕ್ಕೆ ಸರಿಸಿದಾರೆ. ಆ ಮನುಷ್ಯ ಅದೇ ಬುಲ್‌ಫಿಂಚ್ ಕೈಲಿ ಇದೇ ಗುಡ್ಡದ ಸುತ್ತ ಒಟ್ಟು ಮೂರು ಮನೆ ಕಟ್ಟಿಸ್ಕೊಂಡಿದ್ದ, ಮೂರೂ ಉಳಿದಿವೆ. ಚೆನ್ನಾಗಿವೆ, ಇಲ್ಲ ಅನ್ನಲ್ಲ. ನನಗೆ ಹತ್ತು ನಿಮಿಷಕ್ಕೆ ಸಾಕಾಯ್ತು.

ಜಾಯ್ ಸ್ಟ್ರೀಟನ್ನ ಈ ಕಡೆಯಿಂದ ಹತ್ತಿದ್ರೆ ಊರಿನ ಕಥೆ ಕಾಲಿಗೇ ಗೊತ್ತಾಗತ್ತೆ. ಉತ್ತರದ ಇಳಿಜಾರಲ್ಲಿ ಸಣ್ಣ ಮನೆ, ಸಂದಿ, ಮೀಟಿಂಗ್ ಹೌಸು, ಕಪ್ಪು ಜನ ಇದ್ದಿದ್ದು ಈ ಮಗ್ಗುಲು. ನೆತ್ತಿ ದಾಟಿ ದಕ್ಷಿಣಕ್ಕೆ ಇಳಿದ್ರೆ ಅಗಲ ಬಾಗಿಲು, ಬಿಸಿಲು. ಅಂಚಿನ ಗೆರೆ ಪಿಂಕ್ನಿ ಸ್ಟ್ರೀಟು, ಜೋಡಿ ಮನೆ ಕೂತಿರೋದು ಆ ಗೆರೆ ಮೇಲೇ.

ಮನೆ ಮುಂದೆ ಒಬ್ಬ ತಾತ ನಾಯಿ ಹಿಡ್ಕೊಂಡು ನಿಂತಿದ್ರು, ನಾಯಿ ಮುಂದೆ ಹೋಗೋಕೆ ಒಪ್ತಿರಲಿಲ್ಲ. ಮೂವತ್ತು ವರ್ಷದಿಂದ ಇದೇ ಬೀದೀಲಿ ಇದೀನಿ, ಈ ಮನೆ ಮುಂದೆ ನಿಂತು ನೋಡೋರು ವಾರಕ್ಕೆ ಇಬ್ಬರು ಸಿಕ್ಕಿದ್ರೆ ಹೆಚ್ಚು ಅಂದ್ರು. ಇಂಡಿಯಾದಿಂದ ಇದಕ್ಕೇ ಬಂದ್ರಾ ಅಂತ ಕೇಳಿದ್ರು, ಮುಖ ನೋಡಿ ಹೌದು ಅಂದ್ಬಿಟ್ಟೆ. ಗ್ಲಾಪಿಯೋಂ ಅಂತ ಮೂಗಲ್ಲಿ ಹೇಳಿದೆ, ಅವರು ಇಷ್ಟು ವರ್ಷ ತಪ್ಪಾಗಿ ಹೇಳ್ತಿದ್ದೆ ಅಂತ ಒಪ್ಕೊಂಡ್ರು. ನಾಯಿ ಕೊನೆಗೂ ಎದ್ದು ಹೋಯ್ತು.

ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಫೋಟೋ ತೋರಿಸಿದ್ವಿ. ಅಮ್ಮ ಕನ್ನಡಕ ಏರಿಸ್ಕೊಂಡು ಹಲಗೆ, ಕಿಟಕಿ, ಎಲ್ಲ ನೋಡಿದ್ರು. ಕರ್ನಲ್ ಬಂದೂಕಿನ ಕಥೆಗೆ ಹೂಂ ಹೂಂ ಅಂದ್ರು. ಆಮೇಲೆ ಕೇಳಿದ್ರು, 'ಎರಡು ಸಂಸಾರ ಅಂತೀಯ, ನೀರಿಗೇನು ಮಾಡ್ತಿದ್ರು? ನಮಗೂ ಟೈಲರ್ ಮನೆಯವರಿಗೂ ಜಗಳ ಆಗಿದ್ದಂದ್ರೆ ಆ ಒಂದು ನಲ್ಲಿಗೆ ಮಾತ್ರ.'

ತಂಗಿ ಮಗ ಫೋನಲ್ಲಿ ಹುಡುಕಿ ಹೇಳಿದ. ಊರಿಗೆ ದೂರದ ಕೆರೆಯಿಂದ ಪೈಪಲ್ಲಿ ನೀರು ಬಂದಿದ್ದು 1848ರ ಅಕ್ಟೋಬರ್ 25ಕ್ಕೆ, ಮೆರವಣಿಗೆ, ತೋಪು, ಮಕ್ಕಳ ಹಾಡು, ಭಾರೀ ಜಾತ್ರೆ, ಮೊದಲ ನೀರು ಚಿಮ್ಮಿದ್ದು ಬೋಸ್ಟನ್ ಕಾಮನ್‌ನ ಫ್ರಾಗ್ ಪಾಂಡಲ್ಲಿ. ಮಿಡಲ್ಟನ್ ಸತ್ತಿದ್ದು 1815ರಲ್ಲಿ. 'ಹಾಗಾದ್ರೆ ಬಾವಿನೇ,' ಅಂದ್ರು ಅಮ್ಮ, 'ಆ ಏರಲ್ಲಿ ಕೊಡ ಹೊತ್ತು.' ಹುಡುಗನಿಗೆ ಆಗ ನೆನಪಾಯ್ತು, 'ದೊಡ್ಡಮ್ಮ, ಫ್ರಾಗ್ ಪಾಂಡ್ ಅಂದ್ರೆ ಅಳಿಲು ಚಿತ್ರಾನ್ನ ಚೆಲ್ಲಿದ ಜಾಗ ಅಲ್ವಾ?'